ತೂಕ ನಿಧಾನವಾಗಿ ಇಳಿಸೋದು, ಇಷ್ಟಪಟ್ಟು ಬೆವರೋದು: ಡಯಟಿಷಿಯನ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ ನಮಸ್ತೆ. ನನಗೆ 38 ವರ್ಷ, ಎತ್ತರ 165 ಸೆಂ.ಮೀ, ತೂಕ 84 ಕೆಜಿ. ಹೋದ ವರ್ಷ ಯಾರೋ ಹೇಳಿದ್ರು ಅಂತ ಬರೀ ಸೂಪು ಹಣ್ಣಲ್ಲೇ ಇದ್ದು ಎರಡು ತಿಂಗಳಲ್ಲಿ 9 ಕೆಜಿ ಇಳಿಸಿದ್ದೆ, ಎಲ್ಲರೂ ಏನ್ರೀ ಇಷ್ಟು ಸಣ್ಣ ಆಗ್ಬಿಟ್ರಿ ಅಂತ ಕೇಳೋರು, ಖುಷಿನೂ ಆಗ್ತಿತ್ತು, ಆಮೇಲೆ ಮಾಮೂಲಿ ಊಟಕ್ಕೆ ಬಂದಿದ್ದೇ ತಡ ಇಳಿದಿದ್ದೆಲ್ಲ ವಾಪಸ್ ಬಂತು, ಮೇಲೆ ಬಡ್ಡಿ ಅಂತ ಇನ್ನೆರಡು ಕೆಜಿ ಸೇರ್ಕೊಂತು. ಜಿಮ್‌ಗೂ ಹೋದೆ, ಟ್ರೆಡ್‌ಮಿಲ್ ಮೇಲೆ ನಿಂತ್ರೆ ಟೈಮೇ ಹೋಗಲ್ಲ, ಬಿಟ್ಟೆ. ಈ ಸಲ ಲೇಟಾದ್ರೂ ಪರವಾಗಿಲ್ಲ, ಇಳಿದಿದ್ದು ಇಳಿದ ಹಾಗೇ ಇರಬೇಕು. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ನಮಸ್ತೆ. ಮೊದಲು ಆ 9 ಕೆಜಿ ಏನಾಗಿತ್ತು ಅಂತ ನೋಡೋಣ, ಯಾಕಂದ್ರೆ ಅದು ಗೊತ್ತಾದ್ರೆ ನಿಮ್ಮ ಮೇಲೆ ನಿಮಗಿರೋ ಸಿಟ್ಟು ಅರ್ಧ ಕಡಿಮೆ ಆಗುತ್ತೆ. ನಮ್ಮ ಲಿವರ್ ಮತ್ತೆ ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಪಿಷ್ಟದ ಸ್ಟಾಕ್ ಇರುತ್ತೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟ್ಕೊಂಡಿರುತ್ತೆ. ಊಟ ಜೋರಾಗಿ ಕಡಿತ ಮಾಡಿದಾಗ ಮೊದಲು ಖಾಲಿ ಆಗೋದು ಅದೇ, ಹಾಗಾಗಿ ಮೊದಲ ವಾರ ತಕ್ಕಡಿ ಸರ್ರಂತ ಇಳಿಯುತ್ತೆ. ಅದು ಕೊಬ್ಬಲ್ಲ, ಬಹುಪಾಲು ನೀರು. ಆಮೇಲೆ ಕೊಬ್ಬು ಕರಗಕ್ಕೆ ಶುರುವಾಗುತ್ತೆ ನಿಜ, ಆದ್ರೆ ಪ್ರೋಟೀನ್ ಇಲ್ಲದ ಊಟ, ಸ್ನಾಯುಗಳಿಗೆ ಕೆಲಸಾನೂ ಇಲ್ಲ ಅಂದ್ರೆ ಕೊಬ್ಬಿನ ಜೊತೆ ಸ್ನಾಯುನೂ ಹೋಗುತ್ತೆ. ಮಾಮೂಲಿ ಊಟಕ್ಕೆ ಬಂದ ನಾಲ್ಕೈದು ದಿನದಲ್ಲೇ ನೀರು ವಾಪಸ್ ಬರುತ್ತೆ, ಕೊಬ್ಬು ನಿಧಾನಕ್ಕೆ ಬರುತ್ತೆ, ಸ್ನಾಯು ಮಾತ್ರ ತಾನಾಗೇ ಅಷ್ಟು ಸುಲಭಕ್ಕೆ ಬರಲ್ಲ.

ಇನ್ನೊಂದು ವಿಷಯ ಹಸಿವು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ವಾರ ಕಡಿಮೆ ಕ್ಯಾಲರಿ ಡಯಟ್ ಮಾಡಿದವರನ್ನ ಒಂದು ವರ್ಷ ಆದ್ಮೇಲೂ ಪರೀಕ್ಷೆ ಮಾಡಿ ನೋಡಿದ್ರೆ ಹಸಿವು ಹೆಚ್ಚಿಸೋ ಹಾರ್ಮೋನು ಇನ್ನೂ ಮೇಲೇ ಇತ್ತು, ಹೊಟ್ಟೆ ತುಂಬಿತು ಅಂತ ಹೇಳೋ ಹಾರ್ಮೋನುಗಳು ಇನ್ನೂ ಕೆಳಗೇ ಇದ್ವು. ಅಂದ್ರೆ ನಿಮಗೆ ಬಾಯಿ ಕಟ್ಟಕ್ಕೆ ಆಗ್ಲಿಲ್ಲ ಅಂತ ಅಲ್ಲ, ದೇಹ ಬರಗಾಲ ಬಂತು ಅಂದ್ಕೊಂಡು ತನ್ನ ಕೆಲಸ ಮಾಡ್ತಾ ಇತ್ತು ಅಷ್ಟೆ. ನಿಧಾನ ಹೋದ್ರೆ ಈ ಹಸಿವು ಏಳೋದೇ ಇಲ್ಲ ಅಂತ ನಾನು ಹೇಳಲ್ಲ, ಏಳುತ್ತೆ. ಆದ್ರೆ ಅದನ್ನ ನಿಭಾಯಿಸೋ ಅಭ್ಯಾಸಗಳು ಅಷ್ಟರಲ್ಲಿ ಕೂತಿರುತ್ತೆ, ಸೂಪಿನ ಡಯಟ್‌ನಲ್ಲಿ ಅಂಥದ್ದು ಏನೂ ಕಲಿಯಕ್ಕೆ ಸಿಗಲ್ಲ.

ಈಗ ಗುರಿ. 84ರಿಂದ 60ಕ್ಕೆ ಅಂತ ಬರ್ಕೋಬೇಡಿ. ಮೊದಲ ಆರು ತಿಂಗಳಿಗೆ ಈಗಿನ ತೂಕದ ಶೇ 5ರಿಂದ 7, ಅಂದ್ರೆ ನಿಮಗೆ 4ರಿಂದ 6 ಕೆಜಿ. ಇಷ್ಟೇನಾ ಅಂತ ಅನ್ಸುತ್ತೆ ಗೊತ್ತು. ಅಮೆರಿಕದಲ್ಲಿ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ ದೊಡ್ಡ ಅಧ್ಯಯನ ಮಾಡಿದ್ರು, ಫಲಿತಾಂಶ ಬಂದಿದ್ದು 2002ರಲ್ಲಿ. ಶುಗರ್ ಬರೋ ಹಂತದಲ್ಲಿದ್ದವರಿಗೆ ಗುರಿ ಅಂತ ಕೊಟ್ಟಿದ್ದು ಶೇ 7 ತೂಕ ಇಳಿಸೋದು, ವಾರಕ್ಕೆ 150 ನಿಮಿಷ ಮೈ ಅಲ್ಲಾಡಿಸೋದು, ಇಷ್ಟೇ. ಅವರಲ್ಲಿ ಡಯಾಬಿಟಿಸ್ ಬರೋದು ಶೇ 58ರಷ್ಟು ಕಡಿಮೆ ಆಯ್ತು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡವರಲ್ಲಿ ಶೇ 31. ಕನ್ನಡಿ ಮುಂದೆ ಕಾಣದೇ ಇರೋ ಆ ನಾಲ್ಕೈದು ಕೆಜಿ ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಚೆನ್ನಾಗಿ ಕಾಣುತ್ತೆ.

ಊಟದಲ್ಲಿ ಮೊದಲ ತಿಂಗಳು ಎರಡೇ ಬದಲಾವಣೆ ಮಾಡಿ, ಮೂರನೇದು ಬೇಡ. ಕುಡಿಯೋ ಸಕ್ಕರೆ ನಿಲ್ಲಿಸಿ, ಅಂದ್ರೆ ತಂಪು ಪಾನೀಯ, ಪ್ಯಾಕೆಟ್ ಜ್ಯೂಸು, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಹಾಕಿದ ಟೀ ಕಾಫಿ. 330 ಮಿ.ಲೀ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತೆ, 140 ಕ್ಯಾಲರಿ, ಕುಡಿದ ಮೇಲೂ ಊಟ ಒಂದು ತುತ್ತೂ ಕಡಿಮೆ ಆಗಲ್ಲ, ಅದೇ ತೊಂದರೆ. ಎರಡನೇದು, ಪ್ರತಿ ಊಟದಲ್ಲೂ ಒಂದು ಪ್ರೋಟೀನ್ ಇರಲಿ, ಕಾಳು, ಮೊಟ್ಟೆ, ಮೊಸರು, ಮೀನು, ನಿಮಗೆ ಒಗ್ಗೋದು ಯಾವುದಾದ್ರೂ ಸರಿ, ಮತ್ತೆ ತಟ್ಟೆಯ ಅರ್ಧ ತರಕಾರಿ. (ಇದನ್ನ ಒಂದೇ ಬದಲಾವಣೆ ಅಂತ ಲೆಕ್ಕ ಹಾಕಿದೀನಿ, ಜಗಳ ಆಡ್ಬೇಡಿ.)

ವ್ಯಾಯಾಮಕ್ಕೆ ಬಂದ್ರೆ, ಟ್ರೆಡ್‌ಮಿಲ್ ಬೋರು ಅಂದ್ರೆ ಅದನ್ನ ಬಿಟ್ಟಿದ್ದೇ ಒಳ್ಳೇದಾಯ್ತು. ನಿಮ್ಮನ್ನ ಒಂದು ಮಾತು ಕೇಳ್ತೀನಿ, ತೂಕದ ಯೋಚನೆ ಇಲ್ಲದ ಕಾಲದಲ್ಲಿ, ಚಿಕ್ಕೋರಿದ್ದಾಗ ಅಂತಿಟ್ಕೊಳಿ, ಮೈ ದಣಿಯೋ ಯಾವ ಕೆಲಸ ನೀವು ಯಾರೂ ಹೇಳದೇನೇ ಮಾಡ್ತಿದ್ರಿ?

ಅದೇ ಪ್ರಶ್ನೆ ಕೇಳಿದವರು: ಡ್ಯಾನ್ಸ್ ಮೇಡಂ! ಸ್ಕೂಲಲ್ಲಿ ಎಲ್ಲಾ ಫಂಕ್ಷನ್‌ಗೂ ನಾನೇ. ಈಗ ನಾಚಿಕೆ ಆಗುತ್ತೆ. ಅದೆಲ್ಲ ವ್ಯಾಯಾಮದ ಲೆಕ್ಕಕ್ಕೆ ಬರುತ್ತಾ?

ಉತ್ತರ: ಯಾಕೆ ಬರಲ್ಲ. ಹೃದಯಕ್ಕೆ ನೀವು ಟ್ರೆಡ್‌ಮಿಲ್ ಮೇಲಿದೀರಾ ಹಾಡಿಗೆ ಕುಣೀತಿದೀರಾ ಅಂತ ಗೊತ್ತಾಗಲ್ಲ. ಪರೀಕ್ಷೆ ಒಂದೇ, ಕುಣೀತಾ ಮಾತಾಡಕ್ಕೆ ಆಗ್ಬೇಕು, ಆದ್ರೆ ಹಾಡು ಹೇಳಕ್ಕೆ ಆಗ್ಬಾರ್ದು, ಅಷ್ಟು ಏದುಸಿರು ಬಂದ್ರೆ ಅದು ಮಧ್ಯಮ ಮಟ್ಟದ ವ್ಯಾಯಾಮ. ಮಾತೂ ತುಂಡು ತುಂಡಾಗ್ತಿದೆ ಅಂದ್ರೆ ಜೋರು ಮಟ್ಟ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ ಮಧ್ಯಮದ್ದು 150ರಿಂದ 300 ನಿಮಿಷ, ಇಲ್ಲಾ ಜೋರಿನದ್ದು 75ರಿಂದ 150 ನಿಮಿಷ, ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯುಗೆ ಬಲ ಕೊಡೋ ಕೆಲಸ. ಹಿಂದೆ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಆಗ್ಬೇಕು ಅಂತಿತ್ತು, ಆ ಷರತ್ತನ್ನೂ ಈಗ ತೆಗೆದುಹಾಕಿದಾರೆ. ಬಾಗಿಲು ಹಾಕ್ಕೊಂಡು ಮೂರು ಹಾಡು, ಅದೂ ಸೇರುತ್ತೆ. ನೋಡೋರು ಇಲ್ಲ ಅಂದ್ಮೇಲೆ ನಾಚಿಕೆ ಯಾರಿಗೆ.

ಮೊದಲ ಎರಡು ವಾರ ಇನ್ನೂ ಕುಣೀಬೇಕು ಅನ್ಸುವಾಗ್ಲೇ ನಿಲ್ಲಿಸಿ. ಇದನ್ನ ನಾನು ಎಲ್ಲರಿಗೂ ಹೇಳ್ತೀನಿ, ಯಾರೂ ಕೇಳಲ್ಲ, ಮೊದಲ ದಿನವೇ ಒಂದು ಗಂಟೆ ಹಾರಾಡಿ ಮಾರನೇ ದಿನ ಮೆಟ್ಟಿಲು ಇಳಿಯಕ್ಕಾಗದೆ ಅಲ್ಲಿಗೇ ಮುಗಿಸ್ತಾರೆ.

ಪ್ರಶ್ನೆ: ಮೇಡಂ ಬೇಜಾರು ಮಾಡ್ಕೋಬೇಡಿ, ವ್ಯಾಯಾಮದಿಂದ ತೂಕ ಇಳಿಯಲ್ಲ, ಎಲ್ಲಾ ಊಟದಲ್ಲೇ ಇರೋದು ಅಂತ ಓದಿದೀನಿ. ಹಂಗಿದ್ರೆ ಈ ಡ್ಯಾನ್ಸು ವಾಕಿಂಗು ಎಲ್ಲ ಸುಮ್ನೆ ಸಮಾಧಾನಕ್ಕಾ?

ಉತ್ತರ: ಬೇಜಾರು ಯಾಕೆ, ಮುಕ್ಕಾಲು ಭಾಗ ಸರಿಯಾಗೇ ಓದಿದೀರ. ಮೇಲಿನವರದ್ದೇ ಲೆಕ್ಕ ತಗೊಳಿ, 84 ಕೆಜಿ ಇರೋರು ಗಂಟೆಗೆ 5 ಕಿ.ಮೀ ವೇಗದಲ್ಲಿ ಅರ್ಧ ಗಂಟೆ ನಡೆದ್ರೆ ಸುಮಾರು 145 ಕ್ಯಾಲರಿ. ಅದೇ ಅರ್ಧ ಗಂಟೆ ಸುಮ್ನೆ ಕೂತಿದ್ರೂ 40 ಚಿಲ್ಲರೆ ಖರ್ಚಾಗ್ತಿತ್ತು, ಹಾಗಾಗಿ ನಿಜವಾದ ಲಾಭ ನೂರರ ಆಸುಪಾಸು. ಅಡುಗೆ ಎಣ್ಣೆ ಒಂದು ದೊಡ್ಡ ಚಮಚಕ್ಕೇ 120 ಕ್ಯಾಲರಿ ಇದೆ. ವಾಕಿಂಗ್ ಹೋಗಿ ಬಂದೆ ಅಂತ ಒಂದು ಪ್ಲೇಟ್ ಕರಿದ ತಿಂಡಿ ತಿಂದ್ರೆ ಲೆಕ್ಕ ಉಲ್ಟಾ ಹೊಡಿಯುತ್ತೆ, ನಾನು ನೋಡೋ ಕೇಸುಗಳಲ್ಲಿ ಇದು ತುಂಬಾ ಮಾಮೂಲಿ.

ಆದ್ರೆ ಇಳಿಸೋದು ಬೇರೆ, ಇಳಿದಿದ್ದನ್ನ ಉಳಿಸ್ಕೊಳ್ಳೋದು ಬೇರೆ. ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ ಅಂತ ಅಮೆರಿಕದಲ್ಲಿ 1994ರಲ್ಲಿ ಶುರು ಮಾಡಿದ್ರು, 13.6 ಕೆಜಿ ಇಲ್ಲಾ ಅದಕ್ಕಿಂತ ಜಾಸ್ತಿ ಇಳಿಸಿ ಕನಿಷ್ಠ ಒಂದು ವರ್ಷ ಹಾಗೇ ಉಳಿಸ್ಕೊಂಡವರು ಮಾತ್ರ ಅದರಲ್ಲಿ ಸೇರಬಹುದು. ಇಳಿಸಿದ ದಾರಿ ಒಬ್ಬೊಬ್ಬರದ್ದು ಒಂದೊಂದು ಥರ. ಆದ್ರೆ ಉಳಿಸ್ಕೊಂಡವರಲ್ಲಿ ಹತ್ರತ್ರ ಹತ್ತರಲ್ಲಿ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ಗಂಟೆ ಏನೋ ಒಂದು ಮೈ ದಣಿಸ್ತಾರೆ, ಅದರಲ್ಲೂ ಜಾಸ್ತಿ ಜನ ಮಾಡೋದು ನಡಿಗೆ. ಒಂದು ಗಂಟೆನಾ ಅಂತ ಹೆದರ್ಕೋಬೇಡಿ, ಅವರೂ ಒಂದೇ ದಿನದಲ್ಲಿ ಅಲ್ಲಿಗೆ ಹೋದವರಲ್ಲ. ನಾನು ಹೇಳ್ತಿರೋದು ಇಷ್ಟೇ, ವರ್ಷಗಟ್ಟಲೆ ದಿನಾ ಮಾಡ್ಬೇಕಾದ ಕೆಲಸ ಅಂದ್ಮೇಲೆ ಅದು ಇಷ್ಟ ಇರಲೇಬೇಕು. ಯಾವ ವ್ಯಾಯಾಮ ಜಾಸ್ತಿ ಕ್ಯಾಲರಿ ಸುಡುತ್ತೆ ಅಂತ ಹುಡುಕಿ ಇಷ್ಟವಿಲ್ಲದ್ದನ್ನ ಹಿಡ್ಕೊಳ್ಳೋರು ಎರಡನೇ ತಿಂಗಳಿಗೆ ಕಾಣೆ ಆಗ್ತಾರೆ.

ಇನ್ನೂ ಒಂದು ಇದೆ, ವ್ಯಾಯಾಮ ಅಂತ ನಾವು ಹೆಸರೇ ಇಡದ ಓಡಾಟ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 16 ಜನಕ್ಕೆ ಎಂಟು ವಾರ ದಿನಾ 1000 ಕ್ಯಾಲರಿ ಜಾಸ್ತಿ ತಿನ್ನಿಸಿದ್ರು. ಒಬ್ಬರಿಗೆ ಅರ್ಧ ಕೆಜಿನೂ ಕೊಬ್ಬು ಏರ್ಲಿಲ್ಲ, ಇನ್ನೊಬ್ಬರಿಗೆ 4 ಕೆಜಿ ದಾಟ್ತು. ವ್ಯತ್ಯಾಸ ಎಲ್ಲಿತ್ತು ಅಂದ್ರೆ ಏಳೋದು, ಕೂರೋದು, ಆಚೀಚೆ ಓಡಾಡೋದು, ಸುಮ್ನೆ ಕೂತಾಗ್ಲೂ ಕೈಕಾಲು ಆಡಿಸೋದು, ಇಂಥದ್ರಲ್ಲಿ. ಫೋನಲ್ಲಿ ಮಾತಾಡ್ತಾ ಓಡಾಡೋರನ್ನ ಮನೇಲಿ ಬೈತೀರಲ್ಲ, ಬೈಬೇಡಿ.

ಪ್ರಶ್ನೆ: ಹೊಟ್ಟೆ ಒಂದೇ ಕರಗಕ್ಕೆ ಯಾವ ಎಕ್ಸರ್‌ಸೈಜ್ ಮೇಡಂ? ಕೈ ಕಾಲು ಸಣ್ಣಕ್ಕೇ ಇದೆ.

ಉತ್ತರ: ಅಂಥದ್ದು ಇಲ್ಲ. ಕ್ರಂಚಸ್, ಅಂದ್ರೆ ಅಂಗಾತ ಮಲಗಿ ತಲೆ ಭುಜ ಎತ್ತೋದು, ಮಾಡಿದ್ರೆ ಹೊಟ್ಟೆ ಸ್ನಾಯು ಗಟ್ಟಿ ಆಗುತ್ತೆ, ಮೇಲಿರೋ ಕೊಬ್ಬು ಎಲ್ಲಿಂದ ಹೋಗ್ಬೇಕು ಅಂತ ದೇಹವೇ ತೀರ್ಮಾನ ಮಾಡುತ್ತೆ. ಆದ್ರೆ ಹೊಟ್ಟೆ ಒಳಗಡೆ, ಅಂಗಾಂಗಗಳ ಸುತ್ತ ಇರೋ ಕೊಬ್ಬು ಒಟ್ಟಾರೆ ತೂಕ ಇಳಿದಾಗ ಚೆನ್ನಾಗೇ ಕರಗುತ್ತೆ. ಒಂದು ದಾರ ತಗೊಂಡು ನಿಮ್ಮ ಎತ್ತರದಷ್ಟಕ್ಕೆ ಕತ್ತರಿಸಿ ಅರ್ಧ ಮಡಚಿ ಸೊಂಟಕ್ಕೆ ಸುತ್ತಿ ನೋಡಿ. ಎರಡೂ ತುದಿ ಸೇರಿದ್ರೆ ಒಳ್ಳೇದು, ಸೇರ್ಲಿಲ್ಲ ಅಂದ್ರೆ ಕೈಕಾಲು ಎಷ್ಟೇ ಸಣ್ಣ ಇದ್ರೂ ಗಮನ ಕೊಡ್ಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆನೂ 2022ರಲ್ಲಿ ಇದನ್ನೇ ಹೇಳಿದೆ, ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅಂತ.

ಪ್ರಶ್ನೆ: ನಾನು ಶುರು ಮಾಡಿ ಒಂದು ತಿಂಗಳಾಯ್ತು. ಮೊದಲ ವಾರ ಒಂದೂವರೆ ಕೆಜಿ ಇಳೀತು, ಆಮೇಲೆ ಅರ್ಧರ್ಧ ಕೆಜಿ, ಈಗ ಹತ್ತು ದಿನದಿಂದ ತಕ್ಕಡಿ ಅಲ್ಲಾಡ್ತಾನೇ ಇಲ್ಲ, ನಿನ್ನೆ ನೋಡಿದ್ರೆ 800 ಗ್ರಾಂ ಏರಿದೆ, ದಿನಾ ಬೆಳಿಗ್ಗೆ ಅದರ ಮೇಲೆ ನಿಂತು ಮೂಡೇ ಹಾಳಾಗ್ತಿದೆ. ಊಟ ಇನ್ನೂ ಕಡಿಮೆ ಮಾಡ್ಲಾ?

ಉತ್ತರ: ಬೇಡ. ಒಂದು ರಾತ್ರೀಲಿ 800 ಗ್ರಾಂ ಕೊಬ್ಬು ಏರ್ಬೇಕು ಅಂದ್ರೆ ಮಾಮೂಲಿ ಊಟದ ಮೇಲೆ ಇನ್ನೂ 6000 ಕ್ಯಾಲರಿ ತಿಂದಿರ್ಬೇಕು, ಯಾಕಂದ್ರೆ ಒಂದು ಕೆಜಿ ಕೊಬ್ಬಲ್ಲಿ ಸುಮಾರು 7700 ಕ್ಯಾಲರಿ ಇರುತ್ತೆ. ಅಷ್ಟು ತಿಂದಿದ್ರೆ ನಿಮಗೇ ಗೊತ್ತಾಗಿರೋದು. ಅದು ನೀರು. ಹಿಂದಿನ ದಿನ ಉಪ್ಪು ಜಾಸ್ತಿ ತಿಂದಿದ್ರೆ, ಹೊಸ ವ್ಯಾಯಾಮದಿಂದ ಮೈಕೈ ನೋವು ಇದ್ರೆ, ಮಲಬದ್ಧತೆ ಇದ್ರೆ, ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ, ಒಂದೆರಡು ಕೆಜಿ ಮೇಲೆ ಕೆಳಗೆ ಆಗೋದು ಸಹಜ.

ದಿನಾ ತೂಕ ನೋಡಿದ್ರೆ ಬೇಜಾರಾಗುತ್ತೆ ಅನ್ನೋರು ವಾರಕ್ಕೊಂದು ಸಲ, ಒಂದೇ ದಿನ, ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ್ಮೇಲೆ ನೋಡಿ. ಮುಟ್ಟಾಗೋರು ಈ ತಿಂಗಳ ಒಂದು ದಿನಾನ ಹೋದ ತಿಂಗಳ ಅದೇ ಹೊತ್ತಿನ ಜೊತೆ ಹೋಲಿಸಿ, ಹಿಂದಿನ ವಾರದ ಜೊತೆ ಅಲ್ಲ. ಸೊಂಟದ ಅಳತೆ ತಿಂಗಳಿಗೊಂದು ಸಲ ಸಾಕು.

ನಾಲ್ಕಾರು ವಾರ ಆದ್ರೂ ತೂಕಾನೂ ಸೊಂಟಾನೂ ಎರಡೂ ಅಲ್ಲಾಡ್ಲಿಲ್ಲ ಅಂದ್ರೆ ಆಗ ಯೋಚನೆ ಮಾಡೋಣ. ಸಾಮಾನ್ಯವಾಗಿ ಕಾರಣ ಎರಡು. ಒಂದು, ದೇಹ ಚಿಕ್ಕದಾದ್ಮೇಲೆ ಅದಕ್ಕೆ ಬೇಕಾಗೋದೂ ಕಡಿಮೆ ಆಗುತ್ತೆ. ಇನ್ನೊಂದು, ನಮಗೇ ಗೊತ್ತಿಲ್ಲದ ಹಾಗೆ ಅಳತೆ ಸಡಿಲ ಆಗಿರುತ್ತೆ, ಎಣ್ಣೆ ಚಮಚದಿಂದ ಹಾಕ್ತಿದ್ದೋರು ಬಾಟಲಿಯಿಂದ ಸುರಿಯಕ್ಕೆ ಶುರು ಮಾಡಿರ್ತೀವಿ. ಥೈರಾಯ್ಡ್, ಪಿಸಿಒಎಸ್ (ಹೆಂಗಸರಲ್ಲಿ ಬರೋ ಹಾರ್ಮೋನ್ ಏರುಪೇರಿನ ತೊಂದರೆ), ಇಲ್ಲಾ ಸ್ಟೀರಾಯ್ಡ್, ಕೆಲವು ಮಾನಸಿಕ ಆರೋಗ್ಯದ ಮಾತ್ರೆಗಳು, ಇವೂ ತೂಕ ಏರಿಸುತ್ತೆ, ಅನುಮಾನ ಇದ್ರೆ ಡಾಕ್ಟರ ಹತ್ರ ಕೇಳಿ, ಆದ್ರೆ ಮಾತ್ರೆನ ನೀವೇ ನಿಲ್ಲಿಸ್ಬೇಡಿ.

ಪ್ರಶ್ನೆ (ಹೆಸರು ಹಾಕ್ಬೇಡಿ ಅಂದವರು): ಅಕ್ಕಾ, ನಂದು 102 ಕೆಜಿ. ಮಂಡಿ ನೋವು. ನಡೀರಿ ಅಂತಾರೆ ಡಾಕ್ಟರು, ನಡೆದ್ರೆ ನೋವು, ನಡೀದಿದ್ರೆ ತೂಕ. ಪಾರ್ಕಲ್ಲಿ ಜನ ನೋಡ್ತಾರೆ ಅಂತ ಬೇರೆ ಹಿಂಸೆ. ಮನೇಲೂ ಊಟಕ್ಕೆ ಕೂತ್ರೆ ಸಾಕು ಒಂದು ಮಾತು ಬಂದೇ ಬರುತ್ತೆ.

ಉತ್ತರ: ನಿಮ್ಮ ಮಾತು ಅರ್ಥ ಆಗುತ್ತೆ ತಮ್ಮಾ. ಮೊದಲು ಮಂಡಿ. ಮಂಡಿ ಸವೆತ ಇರೋರನ್ನ ನೋಡಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಬಂತು, ಮೈತೂಕ ಒಂದು ಕೆಜಿ ಇಳಿದ್ರೆ ಒಂದೊಂದು ಹೆಜ್ಜೆಗೂ ಮಂಡಿ ಮೇಲೆ ಬೀಳೋ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗುತ್ತೆ ಅಂತ. ದಿನಕ್ಕೆ ಸಾವಿರಾರು ಹೆಜ್ಜೆ ಹಾಕ್ತೀರಲ್ಲ, ಲೆಕ್ಕ ಹಾಕಿ. ಐದು ಕೆಜಿ ಇಳಿಯೋ ಹೊತ್ತಿಗೆ ವ್ಯತ್ಯಾಸ ನಿಮಗೇ ಗೊತ್ತಾಗ್ಬಹುದು.

ಅಲ್ಲಿವರೆಗೂ ಒಂದೇ ಸಮ ನಡಿಗೆ ಬೇಡ. ನೀರಿಗೆ ಇಳಿಯೋ ಅನುಕೂಲ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ, ಈಜು ಬರ್ಬೇಕು ಅಂತಿಲ್ಲ, ಎದೆಮಟ್ಟದ ನೀರಲ್ಲಿ ನಡೆದ್ರೂ ಮಂಡಿಗೆ ಬೀಳೋ ಭಾರ ತುಂಬಾ ಕಡಿಮೆ. ಇಲ್ಲಾ ನಿಂತಲ್ಲೇ ತುಳಿಯೋ ಸೈಕಲ್, ಸೀಟು ಸ್ವಲ್ಪ ಎತ್ತರಕ್ಕಿಟ್ಟು. ಯಾವುದೂ ಇಲ್ಲ ಅಂದ್ರೆ ಗಟ್ಟಿ ಕುರ್ಚಿ ತಗೊಂಡು ಕೂತು ಎದ್ದು ಮಾಡಿ, ಮೊದಲು ಕೈ ಊರ್ಕೊಂಡು, ಆಮೇಲೆ ಕೈ ಬಿಟ್ಟು. ತೊಡೆ ಮುಂದಿನ ಸ್ನಾಯು ಗಟ್ಟಿ ಆದಷ್ಟೂ ಮಂಡಿಗೆ ಆಸರೆ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಇದ್ದು ಮಾರನೇ ದಿನಕ್ಕೆ ಮೊದಲಿನ ಥರ ಆದ್ರೆ ಪರವಾಗಿಲ್ಲ, ಮಂಡಿ ಊದ್ಕೊಂಡ್ರೆ, ಬಿಸಿ ಆದ್ರೆ, ಲಾಕ್ ಆದ್ರೆ ನಿಲ್ಲಿಸಿ ತೋರಿಸ್ಕೊಳಿ.

ಮನೆಯವರ ಮಾತಿಗೆ ನನ್ನ ಹತ್ರ ಔಷಧಿ ಇಲ್ಲ. ಆದ್ರೆ ಚುಚ್ಚಿ ಮಾತಾಡಿದ್ರೆ ಸಣ್ಣ ಆಗ್ತಾರೆ ಅನ್ನೋದು ಸುಳ್ಳು, ಅವಮಾನ ಆದಾಗ ಮನುಷ್ಯ ಜಾಸ್ತಿ ತಿಂತಾನೆ, ಹೊರಗೆ ಹೋಗೋದು ಬಿಡ್ತಾನೆ. ಈ ಉತ್ತರ ಅವರಿಗೆ ತೋರಿಸಿ ಬೇಕಾದ್ರೆ. ಸಹಾಯ ಮಾಡ್ಬೇಕು ಅಂತಿದ್ರೆ ಬಿಸ್ಕತ್ತು ಡಬ್ಬಿ ಕಣ್ಣಿಗೆ ಕಾಣದ ಕಡೆ ಇಡಲಿ, ಸಂಜೆ ನಿಮ್ಮ ಜೊತೆ ಬರಲಿ. ಕದ್ದು ತಿನ್ನೋದು, ತಿಂದು ವಾಂತಿ ಮಾಡೋದು, ಇಂಥದ್ದು ಏನಾದ್ರೂ ಆಗ್ತಿದ್ರೆ ತೂಕದ ವಿಷಯ ಪಕ್ಕಕ್ಕಿಟ್ಟು ಮೊದಲು ಅದಕ್ಕೆ ಸಹಾಯ ತಗೊಳಿ, ನಂಗೆ ಪರ್ಸನಲ್ ಮೆಸೇಜ್ ಹಾಕಿದ್ರೂ ಸರಿ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗ್ಲೇಬೇಕಾ? ನಂದು 4000 ದಾಟಲ್ಲ, ವಾಚು ದಿನಾ ಬೈಯುತ್ತೆ.

ಉತ್ತರ: ಆ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ, 1965ರಲ್ಲಿ ಜಪಾನಲ್ಲಿ ಹೆಜ್ಜೆ ಎಣಿಸೋ ಒಂದು ಮಷಿನ್ ಮಾರಕ್ಕೆ ಬಂತು, ಅದರ ಜೊತೆ ಬಂದ ನಂಬರ್ರು. ವಯಸ್ಸಾದ ಹೆಂಗಸರ ಮೇಲೆ ಮಾಡಿದ 2019ರ ಅಧ್ಯಯನದಲ್ಲಿ ದಿನಕ್ಕೆ 2700 ಹೆಜ್ಜೆ ಹಾಕೋರಿಗಿಂತ 4400 ಹಾಕೋರಲ್ಲಿ ಸಾವಿನ ಪ್ರಮಾಣ ಶೇ 41 ಕಡಿಮೆ ಇತ್ತು, 7500 ಆದ್ಮೇಲೆ ಲಾಭ ಹೆಚ್ಚೇನೂ ಏರ್ಲಿಲ್ಲ. ತೂಕದ ದೃಷ್ಟಿಯಿಂದ ಜಾಸ್ತಿ ನಡೆದಷ್ಟೂ ಒಳ್ಳೇದೇ, ಆದ್ರೆ ನೀವು 4000ದಿಂದ 5000ಕ್ಕೆ ಹೋಗಿ, ಒಂದು ತಿಂಗಳು ಅಲ್ಲೇ ಇರಿ. ವಾಚಲ್ಲಿ ಗುರಿ ಬದಲಾಯಿಸೋ ಸೆಟ್ಟಿಂಗ್ ಇರುತ್ತೆ.

ಪ್ರಶ್ನೆ: ಹಗಲು ಪೂರ್ತಿ ಚೆನ್ನಾಗಿರ್ತೀನಿ ಮೇಡಂ, ರಾತ್ರಿ ಹತ್ತರ ಮೇಲೆ ಮೊಬೈಲ್ ನೋಡ್ತಾ ಏನಾದ್ರೂ ಬಾಯಾಡಿಸ್ಬೇಕು ಅನ್ಸುತ್ತೆ, ಮಲಗೋದು ಒಂದು ಗಂಟೆ, ಏಳೋದು ಆರೂವರೆ.

ಉತ್ತರ: ನಿಮ್ಮ ಸಮಸ್ಯೆ ತಿಂಡಿ ಅಲ್ಲ, ನಿದ್ದೆ. ಕಡಿಮೆ ನಿದ್ದೆ ಮಾಡೋ, ತೂಕ ಜಾಸ್ತಿ ಇರೋ ಯುವಜನರಿಗೆ ರಾತ್ರಿ ಸುಮಾರು ಒಂದು ಗಂಟೆ ಹೆಚ್ಚಿಗೆ ಮಲಗೋ ಹಾಗೆ ಮಾಡಿದ ಅಧ್ಯಯನ 2022ರಲ್ಲಿ ಬಂದಿದೆ. ಡಯಟ್ ಮಾಡಿ ಅಂತ ಯಾರೂ ಹೇಳಿರ್ಲಿಲ್ಲ, ಆದ್ರೂ ಅವರು ತಿನ್ನೋದು ದಿನಕ್ಕೆ ಸರಾಸರಿ 270 ಕ್ಯಾಲರಿ ಕಡಿಮೆ ಆಯ್ತು. ಮೇಲೆ ಹೇಳಿದ ಅರ್ಧ ಗಂಟೆ ನಡಿಗೆಯ ಲಾಭದ ಎರಡರಷ್ಟಕ್ಕಿಂತ ಜಾಸ್ತಿ, ಅದೂ ಮಲಗಿಕೊಂಡೇ. ಚಾರ್ಜರ್‌ನ ಬೆಡ್‌ರೂಮಿನಿಂದ ಆಚೆ ಹಾಕಿ, ಹನ್ನೆರಡಕ್ಕೆ ಮಲಗಿ, ಹದಿನೈದು ದಿನ ಆದ್ಮೇಲೆ ಇಲ್ಲೇ ಬಂದು ಹೇಳಿ.

ಪ್ರಶ್ನೆ: ನಾಲ್ಕು ದಿನ ಮದುವೆ ಮನೆ ಓಡಾಟದಲ್ಲಿ ಎಲ್ಲಾ ತಪ್ಪೋಯ್ತು, ಈಗ ಮತ್ತೆ ಮೊದಲಿಂದನಾ?

ಉತ್ತರ: ಮೊದಲಿಂದ ಯಾಕೆ, ಬಿಟ್ಟಲ್ಲಿಂದ. ಅಭ್ಯಾಸ ಕೂರಕ್ಕೆ ಎಷ್ಟು ದಿನ ಬೇಕು ಅಂತ ಲಂಡನ್ನಿನಲ್ಲಿ ಅಧ್ಯಯನ ಮಾಡಿದವರಿಗೆ ಸಿಕ್ಕಿದ್ದು ಸರಾಸರಿ 66 ದಿನ, ಕೆಲವರಿಗೆ 18, ಕೆಲವರಿಗೆ 254ರ ಲೆಕ್ಕ. 21 ದಿನದಲ್ಲಿ ಅಭ್ಯಾಸ ಕೂರುತ್ತೆ ಅನ್ನೋ ಕಥೆ ಮರೆತುಬಿಡಿ. ನಡುವೆ ಒಂದು ದಿನ ತಪ್ಪಿದ್ರಿಂದ ಅಭ್ಯಾಸ ಕೂರೋದಕ್ಕೆ ಹೇಳಿಕೊಳ್ಳೋ ಅಂಥ ಅಡ್ಡಿನೂ ಆಗಿರ್ಲಿಲ್ಲ. ನಿಮ್ಮದು ನಾಲ್ಕು ದಿನ, ಅದಕ್ಕೂ ಜಾಸ್ತಿ ಹೆದರೋದು ಬೇಡ. ತಪ್ಪಿದ್ದಕ್ಕೆ ಶಿಕ್ಷೆ ಅಂತ ಉಪವಾಸ ಮಾತ್ರ ಮಾಡ್ಬೇಡಿ, ಸಂಜೆ ಹೊತ್ತಿಗೆ ಹಸಿವು ದುಪ್ಪಟ್ಟಾಗಿ ವಾಪಸ್ ಬರುತ್ತೆ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಶುಗರ್ ಇದೆ, ಮಾತ್ರೆ ಜೊತೆ ಇನ್ಸುಲಿನ್ನೂ ತಗೋತಾರೆ. ಅವರೂ ಇದನ್ನೆಲ್ಲ ಮಾಡ್ಬಹುದಾ? ನಡಿಗೆ ಊಟಕ್ಕೆ ಮುಂಚೆನಾ ಆಮೇಲಾ?

ಉತ್ತರ: ಮಾಡ್ಬಹುದು, ಆದ್ರೆ ಶುರು ಮಾಡೋ ಮುಂಚೆ ಅವರ ಡಾಕ್ಟರಿಗೆ ಹೇಳಲೇಬೇಕು. ಊಟ ಕಡಿಮೆ ಮಾಡಿ, ಓಡಾಟ ಜಾಸ್ತಿ ಮಾಡಿ, ಇನ್ಸುಲಿನ್ ಮಾತ್ರ ಹಳೇ ಡೋಸೇ ಇದ್ರೆ ಶುಗರ್ ತೀರಾ ಕೆಳಗೆ ಬೀಳುತ್ತೆ, ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆಲೂ ಹಾಗೇ ಆಗ್ಬಹುದು. ನಡುಕ, ಬೆವರು, ತಲೆ ಸುತ್ತು ಬಂದ್ರೆ ತಕ್ಷಣ ಸಕ್ಕರೆ ಕೊಡಿ, ಜೇಬಲ್ಲಿ ಯಾವಾಗ್ಲೂ ಗ್ಲೂಕೋಸ್ ಇರಲಿ. ಕಾಲಲ್ಲಿ ಸ್ಪರ್ಶ ಕಡಿಮೆ ಇದ್ರೆ ಬರಿಗಾಲಲ್ಲಿ ನಡಿಯೋದು ಬೇಡ.

ಹೊತ್ತಿನ ವಿಷಯಕ್ಕೆ, ಊಟ ಆದ್ಮೇಲೇ ಒಳ್ಳೇದು. ನ್ಯೂಜಿಲೆಂಡಿನಲ್ಲಿ ಟೈಪ್ 2 ಡಯಾಬಿಟಿಸ್ ಇರೋರ ಮೇಲೆ ಮಾಡಿದ 2016ರ ಅಧ್ಯಯನದಲ್ಲಿ, ದಿನಕ್ಕೊಂದು ಸಲ 30 ನಿಮಿಷ ನಡಿಯೋದಕ್ಕಿಂತ ಪ್ರತಿ ಊಟ ಆದ್ಮೇಲೆ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಶುಗರ್ ಶೇ 12ರಷ್ಟು ಕಡಿಮೆ ಇತ್ತು, ರಾತ್ರಿ ಊಟದ ನಂತರ ಶೇ 22. ಜೋರಾಗಿ ನಡೀಬೇಕು ಅಂತೇನಿಲ್ಲ, ಮಾತಾಡ್ತಾ ಹೋಗಿ ಬನ್ನಿ ಇಬ್ಬರೂ.